ಟ್ರಾನ್ಸಿಸ್ಟರ್ ಆಫ್ ಇದ್ದರೂ ಆಂಟೆನಾಗೆ ಸಿಗ್ನಲ್ ಹೋಗುತ್ತಿದೆ, ಯಾಕೆ?

ಓದುಗರ ಪ್ರಶ್ನೆ: "ಸರ್, ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಬಂದು ಎಂಟು ತಿಂಗಳಾಯಿತು. 7 ಮೆಗಾಹರ್ಟ್ಸ್‌ಗೆ 5 ವಾಟಿನ ಟ್ರಾನ್ಸ್‌ಮಿಟರ್ ನಾನೇ ಕಟ್ಟಿದ್ದೇನೆ. ಟ್ಯೂನ್ ಮಾಡುವಾಗ ಡಮ್ಮಿ ಲೋಡ್ (ಆಂಟೆನಾ ಬದಲು ಪವರನ್ನು ನುಂಗುವ ರೆಸಿಸ್ಟರ್), ಮಾತಾಡುವಾಗ ಆಂಟೆನಾ. ಪ್ರತಿ ಸಲ ಕೇಬಲ್ ಬಿಚ್ಚಿ ಹಾಕಿ ಬೇಜಾರಾಗಿ, ಆರ್ಡುಯಿನೋ ಅನ್ನುವ ಚಿಕ್ಕ ಕಂಪ್ಯೂಟರ್ ಬೋರ್ಡಿನಿಂದ ಬದಲಾಯಿಸೋಣ ಅಂತ ಎರಡು ಐಆರ್‌ಎಫ್ 540 ಮಾಸ್‌ಫೆಟ್ (ಗೇಟಿಗೆ ವೋಲ್ಟೇಜ್ ಕೊಟ್ಟರೆ ಡ್ರೈನ್ ಮತ್ತು ಸೋರ್ಸ್ ನಡುವೆ ದಾರಿ ತೆರೆಯುವ ಟ್ರಾನ್ಸಿಸ್ಟರ್) ಹಾಕಿದೆ. ಡ್ರೈನ್ ಟ್ರಾನ್ಸ್‌ಮಿಟರ್ ಕಡೆ, ಸೋರ್ಸ್ ಲೋಡ್ ಕಡೆ, ಗೇಟಿಗೆ 100 ಓಮ್ ಮೂಲಕ ಆರ್ಡುಯಿನೋ ಪಿನ್. ಆನ್ ಮಾಡಿದರೆ ಸ್ಕೋಪಿನಲ್ಲಿ (ಅಲೆಯನ್ನು ಪರದೆ ಮೇಲೆ ತೋರಿಸುವ ಉಪಕರಣ) ಅಲೆಯ ಮೇಲಿನ ಅರ್ಧ ಕತ್ತರಿಸಿದ ಹಾಗೆ ಕಾಣುತ್ತದೆ. ಆಫ್ ಮಾಡಿದರೂ ಕೆಳಗಿನ ಅರ್ಧ ಹೋಗುತ್ತಲೇ ಇದೆ. ಡಮ್ಮಿ ಲೋಡಿಗೆ ಹಾಕಿದ್ದೀನಿ ಅಂದುಕೊಂಡು ಕೀ (ಸಿಗ್ನಲ್ ಹೊರಡಿಸುವ ಗುಂಡಿ) ಒತ್ತಿದರೆ 15 ಕಿಲೋಮೀಟರ್ ದೂರದ ಸ್ನೇಹಿತರು 'ಚೆನ್ನಾಗಿ ಕೇಳಿಸ್ತಿದೆ' ಅಂದರು! ಎರಡೂ ಮಾಸ್‌ಫೆಟ್ ಸತ್ತವು, ಆರ್ಡುಯಿನೋ ನಡುನಡುವೆ ಹ್ಯಾಂಗ್ ಆಗುತ್ತದೆ. ಬಿಸಿ 547 (BC547) ಅನ್ನುವ ಚಿಕ್ಕ ಟ್ರಾನ್ಸಿಸ್ಟರ್ ಹಾಕಿ ನೋಡಿದೆ, ಅದೂ ಸುಟ್ಟುಹೋಯಿತು. ಇನ್ನೂ ವೇಗದ ಟ್ರಾನ್ಸಿಸ್ಟರ್ ತಗೋ, ಎಫ್‌ಟಿ 1 ಗಿಗಾಹರ್ಟ್ಸ್ ಮೇಲಿರಲಿ ಅಂತ ಒಬ್ಬರು ಹೇಳಿದರು. ತಗೊಳ್ಳಲಾ? ಅಥವಾ ರಿಲೇ (ಕಾಯಿಲಿನ ಅಯಸ್ಕಾಂತದಿಂದ ಕಾಂಟ್ಯಾಕ್ಟ್ ಬದಲಾಗುವ ಸ್ವಿಚ್) ಬಿಟ್ಟರೆ ಬೇರೆ ಗತಿಯೇ ಇಲ್ಲವಾ?"

ಉತ್ತರ: ತಗೊಳ್ಳಬೇಡಿ. ಅದಕ್ಕೆ ಕಾರಣ ಹೇಳುವ ಮುಂಚೆ ಒಂದು ಮಾತು. ನೀವು ಸ್ಕೋಪಿನಲ್ಲಿ ಕಂಡದ್ದನ್ನು ಇದ್ದ ಹಾಗೆ ಬರೆದು ಕಳಿಸಿದ್ದೀರಲ್ಲ, ಅದರಿಂದ ನನ್ನ ಅರ್ಧ ಕೆಲಸ ಮುಗಿಯಿತು. ಸಾಮಾನ್ಯವಾಗಿ ನನಗೆ ಬರುವ ಪತ್ರದಲ್ಲಿ "ಸರ್ಕ್ಯೂಟ್ ವರ್ಕ್ ಆಗ್ತಿಲ್ಲ, ಪ್ಲೀಸ್ ಹೆಲ್ಪ್" ಅಂತ ಮಾತ್ರ ಇರುತ್ತದೆ. ಮೇಲಿನ ಅರ್ಧ ಹೋಗಿದೆ, ಕೆಳಗಿನ ಅರ್ಧ ಉಳಿದಿದೆ ಅನ್ನುವ ಒಂದು ಸಾಲಿನಲ್ಲೇ ರೋಗ ಯಾವುದು ಅಂತ ಗೊತ್ತಾಗುತ್ತದೆ.

ನಿಮ್ಮ ಆತಂಕ ಇಷ್ಟು. ಆಫ್ ಅಂದರೆ ಆಫ್ ಆಗಬೇಕು, ಆಗುತ್ತಿಲ್ಲ. ಆನ್ ಅಂದರೆ ಪೂರ್ತಿ ಹೋಗಬೇಕು, ಹೋಗುತ್ತಿಲ್ಲ. ಅದಕ್ಕೆ ಟ್ರಾನ್ಸಿಸ್ಟರ್ ನಿಧಾನವಾಗಿರಬೇಕು ಅನ್ನುವುದು ನಿಮಗೆ ಸಲಹೆ ಕೊಟ್ಟವರ ಲೆಕ್ಕ. ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ನಿಮ್ಮ ಟ್ರಾನ್ಸಿಸ್ಟರ್ ಸೆಕೆಂಡಿಗೆ 70 ಲಕ್ಷ ಸಲ ಆನ್ ಆಫ್ ಆಗಬೇಕಾಗಿಲ್ಲ, ಅಲ್ವಾ? ಅದು ಬದಲಾಗುವುದು ಐದು ನಿಮಿಷಕ್ಕೆ ಒಂದು ಸಲ, ನೀವು ಬಟನ್ ಒತ್ತಿದಾಗ. ವೇಗವಾಗಿ ಓಡಾಡುತ್ತಿರುವುದು ಅದರೊಳಗೆ ಹಾದುಹೋಗುವ ಸಿಗ್ನಲ್. ವೇಗವಾಗಿ ಸ್ವಿಚ್ ಆಗುವುದು ಬೇರೆ, ವೇಗದ ಸಿಗ್ನಲನ್ನು ಸ್ವಿಚ್ ಮಾಡುವುದು ಬೇರೆ. ಎಫ್‌ಟಿ ಅನ್ನುವ ಅಂಕೆ ಹೇಳುವುದು ಟ್ರಾನ್ಸಿಸ್ಟರಿನ ಕರೆಂಟ್ ಗೇನ್ ಯಾವ ಫ್ರೀಕ್ವೆನ್ಸಿಯಲ್ಲಿ 1ಕ್ಕೆ ಇಳಿಯುತ್ತದೆ ಅಂತ. ಆಂಪ್ಲಿಫೈಯರ್ ಕಟ್ಟುವವರಿಗೆ ಅದು ಬೇಕು. ಆಫ್ ಇದ್ದಾಗ ಎಷ್ಟು ಸೋರುತ್ತದೆ, 22 ವೋಲ್ಟ್ ತಡೆಯುತ್ತದಾ ಅನ್ನುವುದರ ಬಗ್ಗೆ ಅದು ಏನೂ ಹೇಳುವುದಿಲ್ಲ. 1 ಗಿಗಾಹರ್ಟ್ಸ್ ದಾಟಿದ ಚಿಕ್ಕ ಟ್ರಾನ್ಸಿಸ್ಟರ್‌ಗಳು ಎಷ್ಟೋ ಸಲ ಹತ್ತಿಪ್ಪತ್ತು ವೋಲ್ಟಿಗೇ ಸುಸ್ತಾಗುತ್ತವೆ. ನಿಮ್ಮ ಕೆಲಸಕ್ಕೆ ಅವು ಬಿಸಿ 547ಗಿಂತ ಬೇಗ ಸಾಯುತ್ತವೆ ಅಷ್ಟೇ.

22 ವೋಲ್ಟ್ ಎಲ್ಲಿಂದ ಬಂತು ಅಂದಿರಾ? ಇಲ್ಲೇ ಎಲ್ಲರೂ ಎಡವುವುದು. 5 ವಾಟ್ ಅಂದರೆ ಚಿಕ್ಕದು ಅನ್ನಿಸುತ್ತದೆ. 50 ಓಮ್ ಲೋಡಿಗೆ 5 ವಾಟ್ ಹೋಗಬೇಕಾದರೆ 15.8 ವೋಲ್ಟ್ ಆರ್‌ಎಂಎಸ್ (ಅದೇ ಪವರ್ ಕೊಡುವ ಡಿಸಿಗೆ ಸಮನಾದ ಅಳತೆ) ಬೇಕು. ಅಲೆಯ ತುದಿ 22 ವೋಲ್ಟ್ ಮೇಲೆ, 22 ವೋಲ್ಟ್ ಕೆಳಗೆ. ತುದಿಯಿಂದ ತುದಿಗೆ ಹತ್ತಿರ ಹತ್ತಿರ 45 ವೋಲ್ಟ್. ಕರೆಂಟ್ 0.32 ಆಂಪ್ ಆರ್‌ಎಂಎಸ್, ತುದಿಯಲ್ಲಿ 0.45 ಆಂಪ್. ಆಂಟೆನಾ ಸರಿಯಾಗಿ ಮ್ಯಾಚ್ ಆಗದಿದ್ದರೆ ವೋಲ್ಟೇಜ್ ಇದರ ಎರಡು ಪಟ್ಟಿನವರೆಗೂ ಏರಬಹುದು. ಈಗ ಈ ಅಂಕೆಗಳನ್ನು ಕೈಯಲ್ಲಿ ಹಿಡಿದುಕೊಂಡು ನಿಮ್ಮ ಮಾಸ್‌ಫೆಟ್ ಕಾಲುಗಳ ಹತ್ತಿರ ಹೋಗೋಣ.

ಗೇಟಿಗೆ ಆರ್ಡುಯಿನೋ 5 ವೋಲ್ಟ್ ಕೊಟ್ಟಿದೆ, ಆನ್. ಆದರೆ ಮಾಸ್‌ಫೆಟ್ ನೋಡುವುದು ಗೇಟಿಗೂ ನೆಲಕ್ಕೂ ಇರುವ ವೋಲ್ಟೇಜನ್ನಲ್ಲ, ಗೇಟಿಗೂ ಸೋರ್ಸಿಗೂ ಇರುವುದನ್ನು. ನಿಮ್ಮ ಸರ್ಕ್ಯೂಟಿನಲ್ಲಿ ಸೋರ್ಸ್ ಸುಮ್ನೆ ಕೂತಿಲ್ಲ, ಸಿಗ್ನಲ್ ಜೊತೆ ಉಯ್ಯಾಲೆ ಆಡುತ್ತಿದೆ. ಅಲೆ ಮೇಲಕ್ಕೆ ಹೋಗಲು ಶುರುವಾಯಿತು, ಸೋರ್ಸ್ 1 ವೋಲ್ಟಿಗೋ 2 ವೋಲ್ಟಿಗೋ ಏರುತ್ತಿದ್ದ ಹಾಗೆ ಗೇಟಿಗೂ ಅದಕ್ಕೂ ನಡುವೆ ಉಳಿದದ್ದು ಮೂರೋ ನಾಲ್ಕೋ ವೋಲ್ಟ್. ಐಆರ್‌ಎಫ್ 540ರ ಥ್ರೆಶೋಲ್ಡ್ (ಆನ್ ಆಗಲು ಶುರುವಾಗುವ ವೋಲ್ಟೇಜ್) 2ರಿಂದ 4 ವೋಲ್ಟ್. ಅಲ್ಲಿಗೆ ಅದು ತಾನಾಗೇ ಆಫ್! ನೀವು ಕಂಡ ಕತ್ತರಿಸಿದ ಮೇಲಿನ ಅರ್ಧ ಇದೇ. ಅಲೆ ಕೆಳಕ್ಕೆ ಹೋದಾಗ ಉಲ್ಟಾ. ಸೋರ್ಸ್ ಮೈನಸ್ 22ಕ್ಕೆ ಇಳಿಯಿತು, ಗೇಟ್ ಪ್ಲಸ್ 5ರಲ್ಲಿದೆ, ನಡುವೆ 27 ವೋಲ್ಟ್. ಡೇಟಾಶೀಟಿನಲ್ಲಿ ಗೇಟಿನ ಗರಿಷ್ಠ ಮಿತಿ 20 ವೋಲ್ಟ್. ಗೇಟಿನ ಆಕ್ಸೈಡ್ ಪದರ ತೂತಾಗುವುದಕ್ಕೆ ಇಷ್ಟು ಸಾಕು.

ಇನ್ನು ಆಫ್. ಗೇಟ್ 0 ವೋಲ್ಟ್. ಈ ಮಾಸ್‌ಫೆಟ್ ಒಳಗೆ ಸೋರ್ಸಿನಿಂದ ಡ್ರೈನ್ ಕಡೆಗೆ ಒಂದು ಬಾಡಿ ಡಯೋಡ್ ಹುಟ್ಟಿನಿಂದಲೇ ಇದೆ, ತೆಗೆಯಲು ಬರುವುದಿಲ್ಲ. ಡ್ರೈನ್ ನೆಗೆಟಿವ್‌ಗೆ ಇಳಿದ ತಕ್ಷಣ ಆ ಡಯೋಡ್ ಬಾಗಿಲು ತೆರೆಯುತ್ತದೆ. ಸೋರ್ಸನ್ನೂ ಕೆಳಕ್ಕೆ ಎಳೆಯುತ್ತದೆ. ಸೋರ್ಸ್ ಕೆಳಕ್ಕೆ ಹೋದರೆ ಗೇಟ್ ಅದಕ್ಕಿಂತ ಮೇಲಾಯಿತು. ಅಂದರೆ ಮಾಸ್‌ಫೆಟ್ ನಿಮ್ಮನ್ನು ಕೇಳದೆ ಆನ್ ಆಯಿತು. ಆಫ್ ಮಾಡಿದರೂ ಕೆಳಗಿನ ಅರ್ಧ ಯಾಕೆ ಹೋಗುತ್ತಿತ್ತು ಅನ್ನುವುದಕ್ಕೆ ಇದೇ ಉತ್ತರ.

ಆರ್ಡುಯಿನೋ ಹ್ಯಾಂಗ್ ಆಗುವುದೂ ಇದೇ ಕಥೆಯ ಮುಂದಿನ ಭಾಗ. ಐಆರ್‌ಎಫ್ 540 ಗೇಟಿನ ಕೆಪ್ಯಾಸಿಟನ್ಸ್ ಸುಮಾರು 1900 ಪಿಕೋಫ್ಯಾರಡ್. 7 ಮೆಗಾಹರ್ಟ್ಸ್‌ನಲ್ಲಿ ಅದು ಬರೀ 12 ಓಮ್ ದಾರಿ. ಸೋರ್ಸಿನ ಮೇಲಿರುವ ಸಿಗ್ನಲ್ ಅದರ ಮೂಲಕ ನುಗ್ಗಿ, 100 ಓಮ್ ದಾಟಿ, ನೇರ ನಿಮ್ಮ ಪಿನ್ ಒಳಗೆ ಹೋಗುತ್ತಿದೆ. ಪಾಪ, ಅದು ಇಷ್ಟು ದಿನ ಬದುಕಿದ್ದೇ ದೊಡ್ಡದು.

ಸರಿ, ಗೇಟ್ ಡ್ರೈವ್ ಸರಿಮಾಡಿದೆವು, ಬಾಡಿ ಡಯೋಡಿಗೂ ಏನೋ ಉಪಾಯ ಮಾಡಿದೆವು ಅಂತಲೇ ಇಟ್ಟುಕೊಳ್ಳಿ. ಆಗಲಾದರೂ ಆಫ್ ಅಂದರೆ ಆಫ್ ಆಗುತ್ತದಾ? ಇಲ್ಲ. ಡಿಸಿಯಲ್ಲಿ ಆಫ್ ಆದ ಟ್ರಾನ್ಸಿಸ್ಟರ್ ಕತ್ತರಿಸಿದ ತಂತಿ. ಆರ್‌ಎಫ್‌ನಲ್ಲಿ, ಅಂದರೆ ರೇಡಿಯೋ ಫ್ರೀಕ್ವೆನ್ಸಿಯಲ್ಲಿ, ಅದು ಒಂದು ಕೆಪ್ಯಾಸಿಟರ್. ಬಾಗಿಲು ಹಾಕಿದ್ದರೂ ಪಕ್ಕದ ಮನೆ ಟಿವಿ ಸದ್ದು ಗೋಡೆ ಮೂಲಕ ಬಂದ ಹಾಗೆ ಸಿಗ್ನಲ್ ಅದರ ಮೂಲಕ ಬರುತ್ತದೆ. ಐಆರ್‌ಎಫ್ 540ರಲ್ಲಿ ಡ್ರೈನ್ ಮತ್ತು ಸೋರ್ಸ್ ನಡುವಿನ ಕೆಪ್ಯಾಸಿಟನ್ಸ್ 25 ವೋಲ್ಟಿನಲ್ಲಿ ಸುಮಾರು 250 ಪಿಕೋಫ್ಯಾರಡ್. ವೋಲ್ಟೇಜ್ ಕಡಿಮೆ ಆದರೆ ಇನ್ನೂ ಜಾಸ್ತಿ. 250 ಅಂತಲೇ ಹಿಡಿದರೂ 7 ಮೆಗಾಹರ್ಟ್ಸ್‌ನಲ್ಲಿ ಅದರ ರಿಯಾಕ್ಟನ್ಸ್ (ಆ ಫ್ರೀಕ್ವೆನ್ಸಿಗೆ ಅದು ಒಡ್ಡುವ ಅಡ್ಡಿ) 91 ಓಮ್. ಅಂದರೆ ನೀವು ಆಂಟೆನಾವನ್ನು ಕತ್ತರಿಸಲಿಲ್ಲ, 91 ಓಮ್ ಮೂಲಕ ಕಟ್ಟಿ ಹಾಕಿದಿರಿ. ಲೆಕ್ಕ ಮಾಡಿದರೆ ಡಮ್ಮಿ ಲೋಡಿಗೆ 5 ವಾಟ್ ಹೋಗುವಾಗ ಆಂಟೆನಾಗೆ 1 ವಾಟಿಗಿಂತ ಜಾಸ್ತಿ ಹೋಗುತ್ತದೆ. ನಮ್ಮ ಹ್ಯಾಮ್‌ಗಳು ಡಬ್ಲ್ಯುಎಸ್‌ಪಿಆರ್ ಅನ್ನುವ, ತುಂಬ ಕಡಿಮೆ ಪವರಿನ ಡಿಜಿಟಲ್ ವಿಧಾನದಲ್ಲಿ 200 ಮಿಲಿವಾಟ್ ಇಟ್ಟುಕೊಂಡು ಖಂಡ ದಾಟುತ್ತಾರೆ. 15 ಕಿಲೋಮೀಟರ್ ದೂರದ ನಿಮ್ಮ ಸ್ನೇಹಿತರಿಗೆ ಕೇಳಿಸದೇ ಇದ್ದಿದ್ದರೆ ಆಶ್ಚರ್ಯ ಪಡಬೇಕಿತ್ತು.

ಹಾಗಾದರೆ ಚಿಕ್ಕ ಮಾಸ್‌ಫೆಟ್ ಹಾಕಿದರೆ? 2ಎನ್ 7000 ತಗೊಳ್ಳಿ. ಅದರ ಕೆಪ್ಯಾಸಿಟನ್ಸ್ ಹೆಚ್ಚೆಂದರೆ 25 ಪಿಕೋಫ್ಯಾರಡ್, ರಿಯಾಕ್ಟನ್ಸ್ 900 ಓಮ್ ಚಿಲ್ಲರೆ, ಸೋರಿಕೆ 15 ಮಿಲಿವಾಟಿಗೆ ಇಳಿಯುತ್ತದೆ. ಆದರೆ ಆನ್ ಆದಾಗ ಅದರ ರೆಸಿಸ್ಟೆನ್ಸ್ 5 ಓಮ್‌ವರೆಗೂ ಇರಬಹುದು. ಅದರ ಸತತ ಕರೆಂಟ್ ಮಿತಿ 0.2 ಆಂಪ್, ನಿಮಗೆ ಬೇಕಾದದ್ದು 0.32. ಇದೇ ಈ ವ್ಯವಹಾರದ ಮೂಲ ಸಂಕಟ. ದೊಡ್ಡ ಚಿಪ್ ಆದರೆ ಆನ್ ಚೆನ್ನಾಗಿರುತ್ತದೆ, ಆಫ್ ಕೆಡುತ್ತದೆ. ಚಿಕ್ಕದಾದರೆ ಆಫ್ ಚೆನ್ನಾಗಿರುತ್ತದೆ, ಆನ್ ಕೆಡುತ್ತದೆ. ಆರ್‌ಎಫ್ ಸ್ವಿಚ್ ಮಾಡುವ ಎಂಜಿನಿಯರ್‌ಗಳು ಆನ್ ರೆಸಿಸ್ಟೆನ್ಸ್ ಮತ್ತು ಆಫ್ ಕೆಪ್ಯಾಸಿಟನ್ಸ್ ಎರಡನ್ನೂ ಗುಣಿಸಿ ಬರುವ ಅಂಕೆಯನ್ನೇ ನೋಡುವುದು. ಐಆರ್‌ಎಫ್ 540ಕ್ಕೆ ಅದು ಹನ್ನೊಂದು ಸಾವಿರ ಫೆಮ್ಟೋಸೆಕೆಂಡ್ ಆಸುಪಾಸು. ಈಗಿನ ಮೊಬೈಲ್ ಫೋನಿನ ಆಂಟೆನಾ ಸ್ವಿಚ್ ಚಿಪ್‌ನಲ್ಲಿ ನೂರರ ಆಸುಪಾಸು.

ಬಿಸಿ 547 ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದರ ಕರೆಂಟ್ ಮಿತಿ 0.1 ಆಂಪ್. ಎಮಿಟರ್ ಮತ್ತು ಬೇಸ್ ನಡುವೆ ಉಲ್ಟಾ 6 ವೋಲ್ಟ್ ಬಂದರೆ ಬ್ರೇಕ್‌ಡೌನ್. ಅಲೆ ಕೆಳಕ್ಕೆ ಹೋದಾಗ ಕಲೆಕ್ಟರ್-ಬೇಸ್ ಜಂಕ್ಷನ್ ಸಾದಾ ಡಯೋಡಿನ ಹಾಗೆ ತೆರೆದುಕೊಳ್ಳುತ್ತದೆ. 5 ವಾಟಿಗೆ ಅದು ಯಾವ ರೀತಿಯಲ್ಲೂ ಹೊಂದುವುದಿಲ್ಲ.

ಮೊಬೈಲ್ ಅಂದೆನಲ್ಲ, ಅಲ್ಲಿ ಇದೇ ಕೆಲಸವನ್ನು ಟ್ರಾನ್ಸಿಸ್ಟರೇ ಮಾಡುತ್ತಿದೆ. ಹಾಗಾಗಿ "ಟ್ರಾನ್ಸಿಸ್ಟರಿನಿಂದ ಆರ್‌ಎಫ್ ಸ್ವಿಚ್ ಮಾಡಲು ಆಗುವುದೇ ಇಲ್ಲ" ಅಂತ ಯಾರಾದರೂ ಹೇಳಿದರೆ ಅದೂ ಸುಳ್ಳು. ಆದರೆ ಅಲ್ಲಿ ಅದನ್ನು ಹೇಗೆ ಕಟ್ಟಿರುತ್ತಾರೆ ನೋಡಿ. ಸಿಲಿಕಾನ್ ತಳದ ಮೇಲೆ ಒಂದು ಇನ್ಸುಲೇಟರ್ ಪದರ, ಅದರ ಮೇಲೆ ಟ್ರಾನ್ಸಿಸ್ಟರ್. ಒಂದೇ ಅಲ್ಲ, ಹತ್ತಾರು ಸರಣಿಯಲ್ಲಿ, ಒಂದೊಂದೂ ವೋಲ್ಟೇಜಿನ ಸ್ವಲ್ಪ ಸ್ವಲ್ಪ ಪಾಲು ಹೊತ್ತುಕೊಳ್ಳಲಿ ಅಂತ. ಪ್ರತಿ ಗೇಟಿಗೂ ದೊಡ್ಡ ರೆಸಿಸ್ಟರ್, ಗೇಟ್ ಸಿಗ್ನಲ್ ಜೊತೆಗೇ ತೇಲಲಿ ಅಂತ. ಆಫ್ ಮಾಡಲು 0 ಸಾಲದು, ನೆಗೆಟಿವ್ ವೋಲ್ಟೇಜ್. ಜೊತೆಗೆ, ಆಫ್ ಆದ ಕಡೆಯ ದಾರಿಯನ್ನು ಇನ್ನೊಂದು ಟ್ರಾನ್ಸಿಸ್ಟರ್ ನೆಲಕ್ಕೆ ಕಟ್ಟಿಹಾಕುತ್ತದೆ. ಸೋರಿ ಬಂದದ್ದು ಲೋಡಿಗೆ ಹೋಗದೆ ನೆಲಕ್ಕೆ ಇಳಿಯುತ್ತದೆ. ಈ ಕೊನೆಯ ಉಪಾಯ ನಮಗೂ ಬರುತ್ತದೆ, ನೆನಪಿಟ್ಟುಕೊಳ್ಳಿ.

ಈಗ ದಾರಿಗಳಿಗೆ ಬರೋಣ. ನಿಮ್ಮ ಜಾಗದಲ್ಲಿ ನಾನಿದ್ದರೆ ರಿಲೇ ಹಾಕುತ್ತಿದ್ದೆ. ರಿಲೇ ಅಂದರೆ ಹಳೇ ಕಾಲದ್ದು ಅನ್ನುವ ಭಾವನೆ ಹುಡುಗರಲ್ಲಿದೆ. ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಮೈಕ್ರೋ ಬಿಟ್‌ಎಕ್ಸ್ ರೇಡಿಯೋ ಸೆಟ್ ನೋಡಿದ್ದೀರಾ? ನಮ್ಮ ದೇಶದ ಹ್ಯಾಮ್‌ಗಳ ಮೇಜಿನ ಮೇಲೆ ಧಾರಾಳವಾಗಿ ಕಾಣುವ ಸೆಟ್ ಅದು. ಅದರಲ್ಲೂ ಫಿಲ್ಟರ್ ಬದಲಾಯಿಸುವುದು ರಿಲೇಗಳೇ. ತೆರೆದುಕೊಂಡ ಕಾಂಟ್ಯಾಕ್ಟುಗಳ ನಡುವೆ ಕೆಪ್ಯಾಸಿಟನ್ಸ್ ಒಂದು ಪಿಕೋಫ್ಯಾರಡ್ ಸುತ್ತಮುತ್ತ. 7 ಮೆಗಾಹರ್ಟ್ಸ್‌ನಲ್ಲಿ ಅದು 23 ಸಾವಿರ ಓಮ್. ನಿಮ್ಮ 5 ವಾಟಿನಲ್ಲಿ ಆಂಟೆನಾಗೆ ಸೋರುವುದು 25 ಮೈಕ್ರೋವಾಟ್ ಅಷ್ಟೇ. ಮಾಸ್‌ಫೆಟ್ ಸೋರಿಸುತ್ತಿದ್ದುದರ ನಲವತ್ತು ಸಾವಿರದಲ್ಲಿ ಒಂದು ಪಾಲು! ಆನ್ ಆದಾಗ ರೆಸಿಸ್ಟೆನ್ಸ್ ಒಂದು ಓಮ್‌ನ ಹತ್ತರಲ್ಲಿ ಒಂದಕ್ಕಿಂತ ಕಡಿಮೆ. ಅಲೆ ಮೇಲೆ ಹೋದರೂ ಕೆಳಗೆ ಹೋದರೂ ಅದಕ್ಕೆ ಒಂದೇ. ಹಾರ್ಮೋನಿಕ್ (ಮೂಲ ಫ್ರೀಕ್ವೆನ್ಸಿಯ ಎರಡು, ಮೂರು ಪಟ್ಟಿನ ಬೇಡದ ಸಿಗ್ನಲ್) ಹುಟ್ಟುವುದಿಲ್ಲ.

ನಿಮ್ಮ ಟ್ರಾನ್ಸಿಸ್ಟರಿಗೂ ಕೆಲಸ ಸಿಗುತ್ತದೆ, ಬೇಜಾರಾಗಬೇಡಿ. ರಿಲೇ ಕಾಯಿಲ್ ಓಡಿಸುವುದು ಬಿಸಿ 547. 12 ವೋಲ್ಟಿನ ಚಿಕ್ಕ ರಿಲೇ ಕಾಯಿಲನ್ನು ಮಲ್ಟಿಮೀಟರಿನಲ್ಲಿ ನೋಡಿದರೆ ಸಾಮಾನ್ಯವಾಗಿ 400 ಓಮ್ ಹತ್ತಿರ ಇರುತ್ತದೆ, ಅಂದರೆ 30 ಮಿಲಿಆಂಪ್. ಆರ್ಡುಯಿನೋ ಪಿನ್ನಿನಿಂದ ಬೇಸಿಗೆ 1 ಕೆ, ಎಮಿಟರ್ ನೆಲಕ್ಕೆ, ಕಲೆಕ್ಟರ್‌ಗೆ ಕಾಯಿಲ್, ಕಾಯಿಲಿಗೆ ಅಡ್ಡಲಾಗಿ ಒಂದು 1ಎನ್ 4007 ಉಲ್ಟಾ. ಆ ಡಯೋಡ್ ಮರೆತರೆ ಕಾಯಿಲ್ ಆಫ್ ಆಗುವಾಗ ಎದ್ದ ವೋಲ್ಟೇಜಿಗೆ ಬಿಸಿ 547 ಹೋಗುತ್ತದೆ. ಪಿನ್ ಹತ್ತಿರ ಮತ್ತು ಕಾಯಿಲ್ ಹತ್ತಿರ 0.1 ಮೈಕ್ರೋಫ್ಯಾರಡ್ ಒಂದೊಂದು ನೆಲಕ್ಕೆ ಹಾಕಿ, ಆರ್‌ಎಫ್ ಹಿಂದಕ್ಕೆ ನುಗ್ಗುವುದಿಲ್ಲ.

ಬೆಂಗಳೂರಿಗೆ ಬಂದರೆ ಎಸ್‌ಪಿ ರೋಡಿನಲ್ಲಿ ಎರಡು ಸೆಟ್ ಕಾಂಟ್ಯಾಕ್ಟ್ ಇರುವ ಸಿಗ್ನಲ್ ರಿಲೇ ಕೇಳಿ, 2 ಆಂಪಿನದ್ದು ಸಾಕು. ಡಬ್ಬಿ ಮುಚ್ಚಿರಬೇಕು. ನಮ್ಮ ಕಡೆಯ ಧೂಳಿಗೆ ತೆರೆದ ರಿಲೇ ಎರಡು ಬೇಸಿಗೆ ಬಾಳುವುದು ಕಷ್ಟ. ಎರಡು ಸೆಟ್ ಯಾಕೆಂದರೆ, ಒಂದು ಸೆಟ್ ಸಿಗ್ನಲನ್ನು ಆಂಟೆನಾಗೋ ಡಮ್ಮಿ ಲೋಡಿಗೋ ಕಳಿಸುತ್ತದೆ, ಇನ್ನೊಂದು ಸೆಟ್ ಡಮ್ಮಿ ಲೋಡಿನಲ್ಲಿ ಇರುವಾಗ ಆಂಟೆನಾ ತುದಿಯನ್ನು ನೆಲಕ್ಕೆ ಕಟ್ಟುತ್ತದೆ. ಮೊಬೈಲ್ ಚಿಪ್ ಉಪಾಯ ಅಂದೆನಲ್ಲ, ಅದೇ.

ರಿಲೇಗೆ ಇರುವ ದೊಡ್ಡ ಅಪಾಯ ಒಂದೇ, ಅದನ್ನು ನಾನು ಅನುಭವಿಸಿಯೇ ಕಲಿತದ್ದು. ಕೀ ಒತ್ತಿರುವಾಗಲೇ ರಿಲೇ ಬದಲಾಯಿಸಬಾರದು. ಕೆಲಸಕ್ಕೆ ಸೇರಿದ ಹೊಸತರಲ್ಲಿ 100 ವಾಟಿನ ಒಂದು ಸೆಟ್ ನನ್ನ ಬೆಂಚಿನ ಮೇಲಿತ್ತು. ಟೆಸ್ಟ್ ಬೇಗ ಮುಗಿಯಲಿ ಅಂತ ಕ್ಯಾರಿಯರ್ (ಟ್ರಾನ್ಸ್‌ಮಿಟರ್ ಕಳಿಸುವ ಅಲೆ) ಆನ್ ಇಟ್ಟೇ ಆಂಟೆನಾ ರಿಲೇ ಬದಲಾಯಿಸಿದೆ. ಡಬ್ಬಿಯೊಳಗೆ ನೀಲಿ ಕಿಡಿ ಕಂಡಿತು, ಆಮೇಲೆ ಕ್ಲಿಕ್ ಸದ್ದೇ ಬರಲಿಲ್ಲ. ಬಿಚ್ಚಿ ನೋಡಿದರೆ ಎರಡು ಕಾಂಟ್ಯಾಕ್ಟ್ ಅಂಟಿಕೊಂಡು ಒಂದಾಗಿವೆ. ಅಷ್ಟೇ ಆಗಿದ್ದರೆ ಪರವಾಗಿಲ್ಲ. ರಿಲೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರುವ ಆ ಕೆಲವು ಮಿಲಿಸೆಕೆಂಡ್ ಟ್ರಾನ್ಸ್‌ಮಿಟರಿಗೆ ಲೋಡೇ ಇರುವುದಿಲ್ಲ, ಹೋದ ಪವರ್ ಹಾಗೇ ವಾಪಸ್ ಬರುತ್ತದೆ. ಫೈನಲ್ ಟ್ರಾನ್ಸಿಸ್ಟರುಗಳೂ (ಟ್ರಾನ್ಸ್‌ಮಿಟರಿನ ಕೊನೆಯ ಹಂತದಲ್ಲಿ ಪವರ್ ಕೊಡುವವು) ಅದರ ಜೊತೆ ಹೋದವು. ಆ ತಿಂಗಳು ನಮ್ಮ ಮೇಲಿನವರ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಆದ್ದರಿಂದ ಆರ್ಡುಯಿನೋ ಪ್ರೋಗ್ರಾಮಿನಲ್ಲಿ ಮೊದಲು ಕೀ ಒತ್ತಿದರೂ ಸಿಗ್ನಲ್ ಹೋಗದಂತೆ ತಡೆಯಿರಿ, 20 ಮಿಲಿಸೆಕೆಂಡ್ ಬಿಡಿ, ರಿಲೇ ಬದಲಾಯಿಸಿ, ಇನ್ನೊಂದು 20 ಮಿಲಿಸೆಕೆಂಡ್ ಬಿಡಿ, ಆಮೇಲೆ ಆ ತಡೆ ತೆಗೆಯಿರಿ. ಇಂಥ ಚಿಕ್ಕ ರಿಲೇಗಳು ಕೂರಲು ತಗೊಳ್ಳುವುದು 5ರಿಂದ 10 ಮಿಲಿಸೆಕೆಂಡ್, ಮೇಲೆ ಸ್ವಲ್ಪ ನಡುಗುತ್ತವೆ. 20 ಇದ್ದರೆ ನೆಮ್ಮದಿ.

"ಇಲ್ಲ, ನನಗೆ ಕ್ಲಿಕ್ ಸದ್ದು ಬೇಡ, ಸೆಕೆಂಡಿಗೆ ಹತ್ತಾರು ಸಲ ಬದಲಾಗಬೇಕು" ಅನ್ನುವ ಕಾಲ ಬರಬಹುದು. ಮೋರ್ಸ್ ಹೊಡೆಯುವಾಗ ಅಕ್ಷರಗಳ ನಡುವಿನ ಸಂದಿಯಲ್ಲೇ ಎದುರಿನವರನ್ನು ಕೇಳಬೇಕು ಅನ್ನುವವರಿಗೆ ಅದು ಬೇಕು. ಆಗ ಪಿನ್ (PIN) ಡಯೋಡ್, ಇದು ಡಯೋಡಿನದೇ ಒಂದು ಜಾತಿ, ಆರ್ಡುಯಿನೋ ಪಿನ್ನಿಗೂ ಇದಕ್ಕೂ ಸಂಬಂಧ ಇಲ್ಲ. ಈ ವಿದ್ಯೆಯಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು, ಸ್ವಲ್ಪ ಎಳೆದರೆ ಕ್ಷಮಿಸಿ.

ಡಯೋಡಿನಲ್ಲಿ 50 ಮಿಲಿಆಂಪ್ ಡಿಸಿ ಹರಿಸಿ, ಅದರ ಮೇಲೆ 450 ಮಿಲಿಆಂಪ್ ತುದಿಯ ಆರ್‌ಎಫ್ ಕಳಿಸುತ್ತೇವೆ. ಮೊದಲ ಸಲ ಕೇಳಿದಾಗ ನಾನೂ ಒಪ್ಪಿರಲಿಲ್ಲ. ಅಲೆ ಉಲ್ಟಾ ಹೋದಾಗ 50ರಲ್ಲಿ 450 ಕಳೆದರೆ ಡಯೋಡ್ ಆಫ್ ಆಗಲೇಬೇಕಲ್ಲ? ಆಗುವುದಿಲ್ಲ. ಯಾಕೆಂದರೆ ಪಿನ್ ಡಯೋಡಿನ ನಡುವೆ ಒಂದು ದಪ್ಪ ಪದರ ಇದೆ, ಡಿಸಿ ಅದರಲ್ಲಿ ಚಾರ್ಜ್ ತುಂಬಿಸಿ ಇಟ್ಟಿರುತ್ತದೆ. ಮನೆ ಮೇಲಿನ ನೀರಿನ ಟ್ಯಾಂಕ್ ನೆನೆಸಿಕೊಳ್ಳಿ. ಸಿಗ್ನಲ್ ಒಂದು ಚೊಂಬು ತುಂಬಿಕೊಳ್ಳುತ್ತದೆ, ಟ್ಯಾಂಕ್ ಬರಿದಾಗುವ ಮುಂಚೆ ಅಲೆ ತಿರುಗಿ ಅದೇ ಚೊಂಬನ್ನು ವಾಪಸ್ ಸುರಿಯುತ್ತದೆ. ಲೆಕ್ಕ ಬೇಕಾದರೆ, ನಿಮ್ಮ ಸಿಗ್ನಲಿನ ಅರ್ಧ ಅಲೆ ತೆಗೆಯುವುದು 20 ನ್ಯಾನೋಕೂಲಂಬ್. ಚಾರ್ಜ್ 5 ಮೈಕ್ರೋಸೆಕೆಂಡ್ ಉಳಿಯುವ ಡಯೋಡಿಗೆ 50 ಮಿಲಿಆಂಪ್ ಕೊಟ್ಟರೆ ಟ್ಯಾಂಕಿನಲ್ಲಿ ಇರುವುದು 250 ನ್ಯಾನೋಕೂಲಂಬ್. ಹನ್ನೆರಡು ಚೊಂಬಿನಷ್ಟು. ಅದೇ 1ಎನ್ 4148 ಹಾಕಿದರೆ ಟ್ಯಾಂಕೇ ಇಲ್ಲ, ಬರೀ ಲೋಟ. ಅದು 4 ನ್ಯಾನೋಸೆಕೆಂಡಿನಲ್ಲಿ ಖಾಲಿ. 7 ಮೆಗಾಹರ್ಟ್ಸ್ ಅಲೆಯ ಒಂದು ಸುತ್ತು 143 ನ್ಯಾನೋಸೆಕೆಂಡ್, ಹಾಗಾಗಿ ಅದು ಪ್ರತಿ ಅರ್ಧ ಅಲೆಗೂ ಆಫ್ ಆಗುತ್ತದೆ. ನೋಡಿದಿರಾ, ಇಲ್ಲಿ ನಿಧಾನದ ಡಯೋಡೇ ಒಳ್ಳೆಯದು. "ವೇಗದ್ದು ತಗೋ" ಅನ್ನುವ ಸಲಹೆ ಇಲ್ಲಿ ತಲೆಕೆಳಗಾಗುತ್ತದೆ.

ಇನ್ನೊಂದು ತಮಾಷೆ. ಒಂದೆರಡು ರೂಪಾಯಿಗೆ ಸಿಗುವ 1ಎನ್ 4007 ಸಾವಿರ ವೋಲ್ಟ್ ತಡೆಯಬೇಕಾದ್ದರಿಂದ ಅದರೊಳಗೂ ಇಂಥದೇ ದಪ್ಪ ಪದರ ಇರುತ್ತದೆ. ಹ್ಯಾಮ್‌ಗಳು ಎಷ್ಟೋ ವರ್ಷಗಳಿಂದ ಅದನ್ನೇ ಬಡವರ ಪಿನ್ ಡಯೋಡ್ ಅಂತ ಬಳಸುತ್ತಾರೆ. ಉಲ್ಟಾ ವೋಲ್ಟೇಜಿನಲ್ಲಿ 10 ಪಿಕೋಫ್ಯಾರಡ್ ಆಸುಪಾಸು, ಸೋರಿಕೆ ಎರಡೂವರೆ ಮಿಲಿವಾಟ್. 12 ವೋಲ್ಟಿನಿಂದ 220 ಓಮ್ ಮೂಲಕ ಕೊಟ್ಟರೆ 50 ಮಿಲಿಆಂಪ್ ಬರುತ್ತದೆ. ಆ ರೆಸಿಸ್ಟರ್ 1 ವಾಟಿನದ್ದೇ ಇರಲಿ, ಅರ್ಧ ವಾಟಿಗಿಂತ ಸ್ವಲ್ಪ ಜಾಸ್ತಿಯೇ ಅದರಲ್ಲಿ ಬಿಸಿಯಾಗಿ ಹೋಗುತ್ತದೆ. ಡಿಸಿ ಒಳಗೆ ಬರಲು 100 ಮೈಕ್ರೋಹೆನ್ರಿ ಚೋಕ್, ಡಿಸಿ ಆಚೆ ಹೋಗದಂತೆ 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್. ಈ ಡಿಸಿಯನ್ನು ಆನ್ ಆಫ್ ಮಾಡುವುದು ಮತ್ತೆ ನಿಮ್ಮ ಟ್ರಾನ್ಸಿಸ್ಟರೇ.

ಅಪಾಯ ಎಲ್ಲಿದೆ ಅಂದರೆ ಆಫ್ ಸ್ಥಿತಿಯಲ್ಲಿ. ಸುಮ್ನೆ 0 ವೋಲ್ಟಿಗೆ ಬಿಟ್ಟರೆ 22 ವೋಲ್ಟಿನ ಅಲೆ ಡಯೋಡನ್ನು ತಾನೇ ತೆರೆದುಕೊಳ್ಳುತ್ತದೆ. ಉಲ್ಟಾ ವೋಲ್ಟೇಜ್ ಕೊಡಬೇಕು. ಆಂಟೆನಾ ಮ್ಯಾಚ್ ಕೆಟ್ಟ ದಿನವೂ ನಿಲ್ಲಬೇಕಾದರೆ 45 ವೋಲ್ಟಾದರೂ ಇರಲಿ. ಅದಕ್ಕೊಂದು ಬೂಸ್ಟ್ ಕನ್ವರ್ಟರ್ ಬೇಕು, ಆ ಅಗ್ಗದ ಕನ್ವರ್ಟರ್ ನಿಮ್ಮ ರಿಸೀವರಿನಲ್ಲಿ ದಿನವಿಡೀ ಗೊರಗೊರ ಅನ್ನುತ್ತದೆ. ಅರೆಬರೆ ಬಯಾಸ್ (ಡಯೋಡನ್ನು ಆನ್ ಅಥವಾ ಆಫ್ ಇಡುವ ಡಿಸಿ) ಕೊಟ್ಟ ಡಯೋಡ್ ಹಾರ್ಮೋನಿಕ್ ಹುಟ್ಟಿಸುತ್ತದೆ. ಹಾರ್ಮೋನಿಕ್ ತಡೆಯುವ ನಿಮ್ಮ ಲೋ-ಪಾಸ್ ಫಿಲ್ಟರ್ ಎಲ್ಲಿದೆ? ಸ್ವಿಚ್‌ಗಿಂತ ಮುಂಚೆ. ಅಂದರೆ ಸ್ವಿಚ್ಚಿನಲ್ಲಿ ಹುಟ್ಟಿದ 14, 21 ಮೆಗಾಹರ್ಟ್ಸ್ ಹಾರ್ಮೋನಿಕ್ ತಡೆಯುವವರಿಲ್ಲದೆ ನೇರ ಆಂಟೆನಾಗೆ. ನೀವು ಈಗ ಐಆರ್‌ಎಫ್ 540 ಹಾಕಿ ಆಂಟೆನಾಗೆ ಕಳಿಸಿದ್ದೂ ಅಂಥ ಕತ್ತರಿಸಿದ ಅಲೆಯನ್ನೇ. ಲೈಸೆನ್ಸ್ ನಿಮ್ಮ ಹೆಸರಿನಲ್ಲಿದೆ, ಹಾಗಾಗಿ ಈ ಪತ್ರ ಓದಿದ ಮೇಲೆ ಆ ಬೋರ್ಡನ್ನು ಮತ್ತೆ ಆಂಟೆನಾಗೆ ಕಟ್ಟಬೇಡಿ.

ಇಲ್ಲ, ಮಾಸ್‌ಫೆಟ್ಟಿನಲ್ಲೇ ಮಾಡಿ ತೋರಿಸುತ್ತೇನೆ ಅನ್ನುವ ಹಠ ಇದ್ದರೆ ಅದಕ್ಕೂ ದಾರಿ ಇದೆ. ಐಆರ್‌ಎಫ್ 510 ಎರಡು ತಗೊಂಡು ಸೋರ್ಸಿಗೆ ಸೋರ್ಸ್, ಗೇಟಿಗೆ ಗೇಟ್ ಸೇರಿಸಿ. ಬಾಡಿ ಡಯೋಡುಗಳು ಒಂದಕ್ಕೊಂದು ಬೆನ್ನು ತಿರುಗಿಸುತ್ತವೆ, ಯಾವ ಕಡೆಯ ಅರ್ಧ ಅಲೆಗೂ ದಾರಿ ಇಲ್ಲ. ಕೆಪ್ಯಾಸಿಟನ್ಸ್ ಅರ್ಧವಾಗುತ್ತದೆ, ಒಂದಕ್ಕೆ 80 ಇದ್ದದ್ದು ಜೋಡಿಗೆ 40 ಪಿಕೋಫ್ಯಾರಡ್, ಸೋರಿಕೆ 40 ಮಿಲಿವಾಟ್ ಹತ್ತಿರ. ಆನ್ ರೆಸಿಸ್ಟೆನ್ಸ್ ಎರಡೂ ಸೇರಿ 1 ಓಮ್ ಚಿಲ್ಲರೆ, ಪರವಾಗಿಲ್ಲ. ಗೇಟ್ ಡ್ರೈವ್ ಮಾತ್ರ ನೆಲಕ್ಕೆ ಅಂಟದೆ ಸೋರ್ಸ್ ಜೊತೆ ತೇಲಬೇಕು. ಅದಕ್ಕೆ ಫೋಟೋವೋಲ್ಟಾಯಿಕ್ ಕಪ್ಲರ್ ಬರುತ್ತದೆ, ಒಳಗಿನ ಎಲ್‌ಇಡಿ ಬೆಳಕಿನಿಂದಲೇ ಗೇಟಿಗೆ ವೋಲ್ಟೇಜ್ ಕೊಡುತ್ತದೆ. 40 ಮಿಲಿವಾಟ್ ಕಡಿಮೆಯೇನಲ್ಲ, ಆಂಟೆನಾ ತುದಿಯನ್ನು ನೆಲಕ್ಕೆ ಕಟ್ಟುವ ಇನ್ನೊಂದು ಜೋಡಿ ಬೇಕಾಗುತ್ತದೆ. ಕಲಿಯಲು ಚೆನ್ನ. ದಿನಬಳಕೆಗೆ ಇಷ್ಟೆಲ್ಲ ಯಾಕೆ ಅಂತ ನನ್ನ ಅಭಿಪ್ರಾಯ.

4066ರಂಥ ಅನಲಾಗ್ ಸ್ವಿಚ್ ಐಸಿಗಳ ಬಗ್ಗೆಯೂ ನೀವು ಕೇಳುವ ಮುಂಚೆ ಹೇಳಿಬಿಡುತ್ತೇನೆ. ಸಪ್ಲೈ ವೋಲ್ಟೇಜಿನ ಆಚೆಗೆ ಸಿಗ್ನಲ್ ಹೋಗಬಾರದು ಅನ್ನುವುದು ಅವುಗಳ ನಿಯಮ. ರಿಸೀವರ್ ಕಡೆಯ ಮಿಲಿವೋಲ್ಟ್ ಸಿಗ್ನಲ್‌ಗೆ ಸರಿ. ಫೈನಲ್ ಆದ ಮೇಲೆ ಬೇಡ.

ಇದೆಲ್ಲ 7 ಮೆಗಾಹರ್ಟ್ಸ್ ಮಾತು. ಮುಂದೆ 144 ಮೆಗಾಹರ್ಟ್ಸ್‌ಗೆ ಹೋದರೆ ಇದೇ ರಿಲೇ ತಗೊಂಡು ಹೋಗಬೇಡಿ. ಅಲ್ಲಿ ಒಂದು ಪಿಕೋಫ್ಯಾರಡ್ ಬರೀ 1100 ಓಮ್, ಒಂದು ಸೆಂಟಿಮೀಟರ್ ತಂತಿಯೇ 9 ಓಮ್ ಆಗಿ ಕೂರುತ್ತದೆ. ಕೊಆಕ್ಸಿಯಲ್ ರಿಲೇ ಅಥವಾ ನಿಜವಾದ ಪಿನ್ ಡಯೋಡ್ ಬೇಕು.

ಕಟ್ಟಿದ ಮೇಲೆ ಪರೀಕ್ಷೆ ಮಾಡಿ. ಪರಿಚಯದವರ ಹತ್ತಿರ ನ್ಯಾನೋವಿಎನ್‌ಎ (ಒಂದು ಪೋರ್ಟಿನಿಂದ ಇನ್ನೊಂದಕ್ಕೆ ಎಷ್ಟು ಸಿಗ್ನಲ್ ದಾಟುತ್ತದೆ ಅಂತ ಅಳೆಯುವ ಉಪಕರಣ) ಇದ್ದರೆ ಮೊದಲ ಪೋರ್ಟನ್ನು ಟ್ರಾನ್ಸ್‌ಮಿಟರ್ ಕಡೆಯ ಸಾಕೆಟ್ಟಿಗೆ, ಎರಡನೆಯದನ್ನು ಆಂಟೆನಾ ಸಾಕೆಟ್ಟಿಗೆ ಹಾಕಿ, ರಿಲೇಯನ್ನು ಡಮ್ಮಿ ಲೋಡ್ ಕಡೆಗೆ ತಿರುಗಿಸಿ ನೋಡಿ. ಮೈನಸ್ 40 ಡಿಬಿಗಿಂತ ಕೆಳಗಿದ್ದರೆ ಅರ್ಧ ಮಿಲಿವಾಟಿಗಿಂತ ಕಡಿಮೆ ಸೋರುತ್ತಿದೆ ಅಂತ ಅರ್ಥ, ಸಾಕು. ಟ್ರಾನ್ಸ್‌ಮಿಟರ್ ಕೇಬಲನ್ನು ಮೊದಲು ಪೂರ್ತಿ ತೆಗೆದು ಪಕ್ಕಕ್ಕಿಡಿ. ನಾನು ಒಮ್ಮೆ ಮರೆತು ಕೀ ಮುಟ್ಟಿದೆ, ಸಾಲ ತಂದಿದ್ದ ಉಪಕರಣ ವಾಪಸ್ ಕೊಡುವಾಗ ಹೊಸದು ಕೊಂಡು ಕೊಡಬೇಕಾಯಿತು.

ಡಮ್ಮಿ ಲೋಡ್ ಹೇಗೆ ಮಾಡಿದ್ದೀರಿ ಅಂತ ಬರೆದಿಲ್ಲ. 1 ಕೆ ರೆಸಿಸ್ಟರ್ ಇಪ್ಪತ್ತು ಪ್ಯಾರಲಲ್ ಮಾಡಿದ್ದರೆ ಕಾಲು ವಾಟಿನವು ಸರಿಯಾಗಿ ಮಿತಿಯ ಅಂಚಿನಲ್ಲಿ ಇರುತ್ತವೆ, ಅರ್ಧ ನಿಮಿಷ ಕೀ ಒತ್ತಿದರೆ ಬಣ್ಣದ ಪಟ್ಟಿ ಕಂದಾಗಿ ವಾಸನೆ ಬರುತ್ತದೆ. 1 ವಾಟಿನವನ್ನೇ ಹಾಕಿ, ವೈರ್‌ವೌಂಡ್ ಮಾತ್ರ ಬೇಡ, ಅದು ಲೋಡ್ ಆಗುವ ಬದಲು ಕಾಯಿಲ್ ಆಗುತ್ತದೆ.

ಆ ಆರ್ಡುಯಿನೋವನ್ನು ಮತ್ತೆ ಬಳಸುವ ಮುಂಚೆ ಮಾಸ್‌ಫೆಟ್‌ಗೆ ಕಟ್ಟಿದ್ದ ಎರಡು ಪಿನ್‌ಗಳಿಗೆ ಒಂದು ಎಲ್‌ಇಡಿ ಮತ್ತು 330 ಓಮ್ ಹಾಕಿ ಬ್ಲಿಂಕ್ ಪ್ರೋಗ್ರಾಮ್ ಓಡಿಸಿ ನೋಡಿ. ಎಲ್‌ಇಡಿ ಮಂಕಾಗಿ ಉರಿದರೆ ಅಥವಾ ಆರದೇ ಹೋದರೆ ಆ ಪಿನ್ ಸತ್ತಿದೆ, ರಿಲೇಗೆ ಬೇರೆ ಪಿನ್ ತಗೊಳ್ಳಿ.